ಬಿದ್ದಲ್ಲೇ ಕಟ್ಟಬಹುದೇ? ಒಂದು ಮೀಮಾಂಸೆ

ವಿಷಯ

ನ್ಯೂಯಾರ್ಕಿನ ಮ್ಯಾನ್‌ಹಟನ್ ದ್ವೀಪದ ದಕ್ಷಿಣ ಭಾಗದಲ್ಲಿ, ವೆಸಿ ಬೀದಿಯ ಉತ್ತರ ಮಗ್ಗುಲಿಗೆ 52 ಮಹಡಿಗಳ ಗಾಜಿನ ಕಚೇರಿ ಕಟ್ಟಡವೊಂದಿದೆ. ಹೆಸರು 7 ವರ್ಲ್ಡ್ ಟ್ರೇಡ್ ಸೆಂಟರ್. ಎತ್ತರ 743 ಅಡಿ. ಬಾಗಿಲು ತೆರೆದದ್ದು 2006ರ ಮೇ 23ರಂದು. ಇದೇ ಜಾಗದಲ್ಲಿ, ಇದೇ ಹೆಸರಿನಲ್ಲಿ, ಕೆಂಪು ಗ್ರಾನೈಟ್ ಹೊದ್ದ 47 ಮಹಡಿಗಳ ಇನ್ನೊಂದು ಕಟ್ಟಡವಿತ್ತು. 1987ರಲ್ಲಿ ಸಿದ್ಧವಾದ ಅದು 2001ರ ಸೆಪ್ಟೆಂಬರ್ 11ರ ಸಂಜೆ 5 ಗಂಟೆ 20 ನಿಮಿಷಕ್ಕೆ ಕುಸಿಯಿತು. ಅದಕ್ಕೆ ಯಾವ ವಿಮಾನವೂ ಬಡಿದಿರಲಿಲ್ಲ.

ಆ ದಿನ ವಿಮಾನದಾಳಿಗೆ ಬಿದ್ದ ನೆರೆಯ ಅವಳಿ ಗೋಪುರಗಳ ಕತೆ ಜಗತ್ತಿಗೆಲ್ಲ ಗೊತ್ತು. ಅಲ್ಲಿ ದುಃಖ, ರೋಷ, ರಾಜಕೀಯ ಎಲ್ಲವೂ ಕಲೆತು ವಿಚಾರಕ್ಕೆ ಜಾಗ ಉಳಿಯುವುದಿಲ್ಲ. ಏಳನೆಯ ಕಟ್ಟಡ ಹಾಗಲ್ಲ. ಮೂರು ಗೋಪುರಗಳಲ್ಲಿ ಕೊನೆಗೆ ಬಿದ್ದದ್ದೂ ಮೊದಲು ಎದ್ದದ್ದೂ ಅದೇ. ನಾಶವಾದ ಜಾಗದಲ್ಲಿ ಮತ್ತೆ ಕಚೇರಿ ಕಟ್ಟುವುದು ಯುಕ್ತವೇ ಎಂಬ ಪ್ರಶ್ನೆಯನ್ನು ತಣ್ಣಗೆ ಎತ್ತಿಕೊಳ್ಳಲು ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು. ಮೀಮಾಂಸಕರ ಅಧಿಕರಣ ಪದ್ಧತಿಯಲ್ಲಿ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಪ್ರಯೋಜನ ಎಂಬ ಕ್ರಮವುಂಟು. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಮಂಡಿಸಿದ ಮೇಲೆಯೇ ಖಂಡಿಸಬೇಕು ಎಂಬುದು ಅದರ ಶಿಸ್ತು. ಇಲ್ಲಿಯೂ ಅದೇ ದಾರಿ.

ಸಂಶಯ

ಕಟ್ಟಡ ಬಿದ್ದ ಜಾಗದ ಮುಂದೆ ಇರುವ ದಾರಿಗಳು ಮೂರು: ಖಾಲಿ ಬಿಡುವುದು, ಇದ್ದಂತೆಯೇ ಕಟ್ಟುವುದು, ಬೇರೆಯಾಗಿ ಕಟ್ಟುವುದು. ಇವುಗಳಲ್ಲಿ ಯಾವುದು ಸರಿ? ಎಲ್ಲ ಜಾಗಕ್ಕೂ ಒಂದೇ ಉತ್ತರವೇ, ಅಥವಾ ಜಾಗಕ್ಕೆ ತಕ್ಕಂತೆ ಬೇರೆಯೇ?

ಅಳತೆಗೋಲಿಲ್ಲದೆ ಇದನ್ನು ತೀರ್ಮಾನಿಸಲಾಗದು. ನಮ್ಮ ಧರ್ಮಶಾಸ್ತ್ರ ಹುಟ್ಟಿದ ಮನುಷ್ಯನಿಗೆ ಮೂರು ಋಣ ಹೇಳಿದೆ. ಬಿದ್ದಲ್ಲೇ ಕಟ್ಟಹೊರಟವನ ತಲೆಯ ಮೇಲೂ ಮೂರು ಋಣಗಳಿವೆ ಎನ್ನುವುದು ನನ್ನ ಪ್ರತಿಜ್ಞೆ. ಒಂದು, ಸತ್ತವರ ಋಣ: ಅಲ್ಲಿ ಪ್ರಾಣ ಬಿಟ್ಟವರಿಗೆ ನೆನೆಯುವ ಒಂದು ತಾಣ ಇರಬೇಕು. ಎರಡು, ಊರಿನ ಋಣ: ನಾಶದಿಂದ ಊರು ಕಳೆದುಕೊಂಡದ್ದನ್ನೂ, ಹಳೆಯ ಕಟ್ಟಡವೇ ಊರಿನಿಂದ ಕಿತ್ತುಕೊಂಡಿದ್ದನ್ನೂ ಹಿಂದಿರುಗಿಸಬೇಕು. ಮೂರು, ಒಳಗಿನವರ ಋಣ: ನಾಳೆ ಆ ಲಿಫ್ಟು ಹತ್ತುವವರು ಹಳೆಯ ತಪ್ಪಿಗೆ ಬಲಿಯಾಗಬಾರದು. ಮೂರೂ ತೀರಿದರೆ ಕಟ್ಟುವುದು ಯುಕ್ತ. ಒಂದು ಬಾಕಿ ಉಳಿದರೂ ಕಟ್ಟಡ ಎಷ್ಟು ಚೆಲುವಾಗಿದ್ದರೂ ಅದು ಸಾಲದ ಮೇಲೆ ನಿಂತ ಕಟ್ಟಡ.

ಮೊದಲ ಪೂರ್ವಪಕ್ಷ: ಅದು ರುದ್ರಭೂಮಿ

ಆಕ್ಷೇಪ ಹೀಗಿದೆ. ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ ಆ ದಿನ 2,753 ಜನ ಸತ್ತರು. ಬಹಳ ಮಂದಿಯ ದೇಹದ ಗುರುತೂ ಸಿಗಲಿಲ್ಲ. ಅಂಥ ಮಣ್ಣಿನಲ್ಲಿ ಬಾಡಿಗೆ ಎಣಿಸುವ ಕಟ್ಟಡ ಎಬ್ಬಿಸುವುದು ಸತ್ತವರನ್ನು ಮತ್ತೊಮ್ಮೆ ಹೂಳಿದಂತೆ. ಕೆಲವು ಜಾಗಗಳನ್ನು ಬಯಲಾಗಿ ಬಿಡುವುದೇ ಮರ್ಯಾದೆ.

ಉತ್ತರ. ಈ ವಾದದ ತಿರುಳನ್ನು ನಾನು ಒಪ್ಪುತ್ತೇನೆ. ಅದನ್ನು ಎಲ್ಲಿಗೆ ಅನ್ವಯಿಸಬೇಕು ಎಂಬುದರಲ್ಲಷ್ಟೇ ತಕರಾರು. ಅವಳಿ ಗೋಪುರಗಳು ನಿಂತಿದ್ದ ಎರಡು ಚೌಕಗಳನ್ನು ನ್ಯೂಯಾರ್ಕ್ ಕಟ್ಟದೆಯೇ ಬಿಟ್ಟಿದೆ. ವಾಸ್ತುಶಿಲ್ಪಿ ಮೈಕೆಲ್ ಅರಾದ್ ಅವರ ಕಲ್ಪನೆಯಂತೆ ಅಲ್ಲಿ ಸುಮಾರು ಒಂದೊಂದು ಎಕರೆಯ ಎರಡು ಕೊಳಗಳಿವೆ. ಸುತ್ತಲಿನ ಕಂಚಿನ ಅಂಚಿನ ಮೇಲೆ 2,983 ಹೆಸರುಗಳನ್ನು ಕೊರೆದಿದ್ದಾರೆ. 1993ರ ಬಾಂಬ್ ದಾಳಿಯಲ್ಲಿ ಸತ್ತ ಆರು ಮಂದಿಯೂ, ಪೆಂಟಗನ್ ಮತ್ತು ಪೆನ್ಸಿಲ್ವೇನಿಯಾದಲ್ಲಿ ಮಡಿದವರೂ ಆ ಲೆಕ್ಕದಲ್ಲಿ ಸೇರಿದ್ದಾರೆ. ಹತ್ತನೆಯ ವರ್ಷಕ್ಕೆ, 2011ರಲ್ಲಿ, ಆ ಸ್ಮಾರಕ ತೆರೆಯಿತು.

ಏಳನೆಯ ಕಟ್ಟಡದ ನಿವೇಶನ ಅವಳಿ ಗೋಪುರಗಳಿದ್ದ 16 ಎಕರೆಯ ಒಳಗಿಲ್ಲ, ಬೀದಿಯಾಚೆಗಿದೆ. ಅದು ಕುಸಿದಾಗ ಒಳಗೆ ಯಾರೂ ಇರಲಿಲ್ಲ. ಬೆಳಿಗ್ಗೆಯೇ ಜನ ಹೊರಬಂದಿದ್ದರು. ಕಟ್ಟಡ ಉಳಿಯುವುದಿಲ್ಲವೆಂದು ಕಂಡ ಅಗ್ನಿಶಾಮಕ ಅಧಿಕಾರಿಗಳು ಮಧ್ಯಾಹ್ನವೇ ತಮ್ಮವರನ್ನು ಹಿಂದೆ ಕರೆಸಿಕೊಂಡಿದ್ದರು. ಆ ಕುಸಿತ ಒಂದು ಪ್ರಾಣವನ್ನೂ ತೆಗೆಯಲಿಲ್ಲ. ಸತ್ತವರ ಋಣ ಯಾವ ನೆಲದ ಮೇಲಿತ್ತೋ ಆ ನೆಲ ತೀರಿಸಿದೆ. ನೆರೆಯ ನಿವೇಶನಕ್ಕೂ ಅದನ್ನು ಹೊರಿಸಿದರೆ ಊರಿಗೆ ಊರೇ ಬಯಲಾಗಬೇಕಾಗುತ್ತದೆ.

ಎರಡನೆಯ ಪೂರ್ವಪಕ್ಷ: ಇದೆಲ್ಲ ದುಡ್ಡಿನ ಆಟ

ಆಕ್ಷೇಪ. ಕಟ್ಟಿಸಿದವರು ಲ್ಯಾರಿ ಸಿಲ್ವರ್‌ಸ್ಟೀನ್, ಹಳೆಯ ಕಟ್ಟಡವನ್ನೂ ಕಟ್ಟಿಸಿದ್ದ ರಿಯಲ್ ಎಸ್ಟೇಟ್ ಉದ್ಯಮಿ. ವಿಮೆಯ ಹಣ ಬಂತು. ಅದು ಸಾಲದೆಂದು 47.5 ಕೋಟಿ ಡಾಲರಿನ ತೆರಿಗೆರಹಿತ ಲಿಬರ್ಟಿ ಬಾಂಡುಗಳ ಆಸರೆಯೂ ಸಿಕ್ಕಿತು. ಇಷ್ಟಾಗಿ ತೆರೆದ ದಿನ ಕಟ್ಟಡ ಬಹುಪಾಲು ಖಾಲಿ. ಯಾರಿಗೂ ಬೇಡವಾಗಿದ್ದ ಕಚೇರಿಯನ್ನು ಸಾರ್ವಜನಿಕರ ಹೆಗಲ ಮೇಲೆ ಕಟ್ಟಿದ್ದನ್ನು ಊರಿನ ಸೇವೆ ಎನ್ನುವುದು ಹೇಗೆ?

ಉತ್ತರ. ಲಾಭದ ಉದ್ದೇಶ ಇತ್ತು, ಅಲ್ಲಗಳೆಯುವುದಿಲ್ಲ. ಆದರೆ ಕಟ್ಟಿದವನ ಮನಸ್ಸನ್ನು ಅಳೆಯುವುದು ನಮ್ಮ ಕೆಲಸವಲ್ಲ. ಕಟ್ಟಿದ್ದರಿಂದ ಊರಿಗೇನು ಬಂತು ಎಂಬುದನ್ನಷ್ಟೇ ನೋಡಬೇಕು. ಮೂರು ಸಂಗತಿ ಗಮನಿಸಿ.

ಮೊದಲನೆಯದು ವಿದ್ಯುತ್ತು. ಆ ನಿವೇಶನದಲ್ಲಿ ಕಾನ್ ಎಡಿಸನ್ ಕಂಪನಿಯ ಸಬ್‌ಸ್ಟೇಷನ್ 1967ರಿಂದಲೇ ಇತ್ತು. ಹಳೆಯ ಗೋಪುರವನ್ನು ಕಟ್ಟಿದ್ದೇ ಅದರ ಮೇಲೆ. ಗೋಪುರದೊಂದಿಗೆ ಸಬ್‌ಸ್ಟೇಷನ್ನೂ ಹೋಯಿತು, ದಕ್ಷಿಣ ಮ್ಯಾನ್‌ಹಟನ್ನಿಗೆ ಅದು ಬೇಕೇ ಬೇಕಿತ್ತು. 2002ರ ಮೇ ತಿಂಗಳಲ್ಲೇ, ಎದುರಿನ 16 ಎಕರೆಗೆ ನಕ್ಷೆಯೇ ಆಯ್ಕೆಯಾಗಿರದಿದ್ದಾಗ, ಇಲ್ಲಿ ಕೆಲಸ ಶುರುವಾಗಲು ಅದೇ ಕಾರಣ. ಹೊಸ ಕಟ್ಟಡದಲ್ಲಿ ಕಚೇರಿಗಳು ತೊಡಗುವುದು 11ನೆಯ ಮಹಡಿಯಿಂದ. ಅದರ ಕೆಳಗಿನ ಎತ್ತರದ ಬಹುಪಾಲು ಟ್ರಾನ್ಸ್‌ಫಾರ್ಮರುಗಳಿಗೆ ಮೀಸಲು. ಶಿಲ್ಪಿ ಜೇಮ್ಸ್ ಕಾರ್ಪೆಂಟರ್ ಅದಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ಪಟ್ಟಿಗಳ ತೆರೆಯೊಂದನ್ನು ರೂಪಿಸಿದರು. ಆ ಸಂದುಗಳಲ್ಲಿ ಯಂತ್ರಗಳಿಗೆ ಗಾಳಿ ಆಡುತ್ತದೆ, ರಾತ್ರಿ ಅದರ ಹಿಂದೆ ದೀಪ ಬೆಳಗುತ್ತದೆ. ಬೀದಿಯಲ್ಲಿ ಹೋಗುವವನಿಗೆ ಒಳಗೆ ಊರಿನ ವಿದ್ಯುತ್ತು ಹರಿಯುತ್ತಿದೆ ಎಂಬ ಸುಳಿವೂ ಸಿಗುವುದಿಲ್ಲ.

ಎರಡನೆಯದು ಬೀದಿ. ಹಳೆಯ ಕಟ್ಟಡ ತನ್ನ ನಿವೇಶನವನ್ನೆಲ್ಲ ತುಂಬಿಕೊಂಡು ಗ್ರೀನಿಚ್ ಬೀದಿಗೆ ಅಡ್ಡ ನಿಂತಿತ್ತು. ಡೇವಿಡ್ ಚೈಲ್ಡ್ಸ್ ವಿನ್ಯಾಸ ಮಾಡಿದ ಹೊಸದು ಮೈ ಕುಗ್ಗಿಸಿಕೊಂಡು ಬೀದಿಗೆ ದಾರಿ ಬಿಟ್ಟಿತು. ಪಕ್ಕದಲ್ಲಿ ಉಳಿದ ತ್ರಿಕೋನದ ತುಂಡು ಉದ್ಯಾನವಾಯಿತು. ಮಧ್ಯಾಹ್ನ ಬುತ್ತಿ ಬಿಚ್ಚಿ ಕೂರಲು ಅಲ್ಲಿ ಬೆಂಚುಗಳಿವೆ. ನಡುವಿನ ಕಾರಂಜಿಯಲ್ಲಿ ಜೆಫ್ ಕೂನ್ಸ್ ಅವರ ಕೆಂಪು ಬಲೂನು ಹೂವಿನ ಶಿಲ್ಪ ನಿಂತಿತು. ಹೊಸ ಕಟ್ಟಡ ಐದು ಮಹಡಿ ಹೆಚ್ಚು ಎತ್ತರ, ಆದರೂ ಒಳಗಿನ ಜಾಗ ಕಡಿಮೆ: ಹಳೆಯದಕ್ಕೆ 18 ಲಕ್ಷ ಚದರಡಿಗೂ ಮಿಗಿಲು, ಹೊಸದಕ್ಕೆ ಸುಮಾರು 17 ಲಕ್ಷ. ಬರೀ ದುರಾಸೆಯೇ ಆಗಿದ್ದರೆ ಮ್ಯಾನ್‌ಹಟನ್ನಿನಂಥ ಕಡೆ ಯಾರೂ ಚದರಡಿ ಬಿಟ್ಟುಕೊಡುವುದಿಲ್ಲ.

ಮೂರನೆಯದು, ಕಟ್ಟದೆ ಬಿಡುವುದಕ್ಕೂ ಬೆಲೆಯುಂಟು. ಅದೇ ಸೆಪ್ಟೆಂಬರಿನಲ್ಲಿ ಜಖಂಗೊಂಡ ಲಿಬರ್ಟಿ ಬೀದಿಯ ಡಾಯ್ಚ ಬ್ಯಾಂಕ್ ಕಟ್ಟಡ ವ್ಯಾಜ್ಯ, ವಿಷದೂಳು, ಅನುಮತಿಗಳ ನಡುವೆ ಸಿಕ್ಕಿ ವರ್ಷಗಟ್ಟಲೆ ಕಪ್ಪು ಪರದೆ ಹೊದ್ದು ನಿಂತಿತು. 2007ರ ಆಗಸ್ಟ್‌ನಲ್ಲಿ, ಅದನ್ನು ಕೆಡವುತ್ತಿದ್ದಾಗ ಬೆಂಕಿ ಬಿತ್ತು. ಮೇಲಿನ ಮಹಡಿಗಳಿಗೆ ನೀರೇರಿಸುವ ಕೊಳವೆ ಮುರಿದಿತ್ತು. ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಕೆಡವುವ ಕೆಲಸ ಮುಗಿದದ್ದು 2011ರಲ್ಲಿ. ಖಾಲಿತನ ತಾನಾಗಿಯೇ ಪವಿತ್ರವಲ್ಲ, ಅದನ್ನೂ ಯಾರಾದರೂ ಕಾಯಬೇಕು.

ಖಾಲಿ ಕಚೇರಿಯ ಮಾತಿಗೆ ಕಾಲವೇ ಉತ್ತರ ಕೊಟ್ಟಿದೆ. ನ್ಯೂಯಾರ್ಕ್ ವಿಜ್ಞಾನ ಅಕಾಡೆಮಿ ಮೊದಲು ಬಂತು, ರೇಟಿಂಗ್ ಸಂಸ್ಥೆ ಮೂಡೀಸ್ ಬಂತು, 2011ರ ಹೊತ್ತಿಗೆ ಕಟ್ಟಡ ಭರ್ತಿಯಾಯಿತು. ಆದರೆ ಬಾಂಡುಗಳ ಪ್ರಶ್ನೆಯನ್ನು ಇಷ್ಟಕ್ಕೇ ಮುಚ್ಚಲಾರೆ. ಸಾರ್ವಜನಿಕರು ತೆರಿಗೆ ಬಿಟ್ಟುಕೊಟ್ಟು ಆಸರೆಯಾದಾಗ ಅವರಿಗೆ ಬೀದಿ, ಬೆಳಕು, ಉದ್ಯಾನ ಸಿಕ್ಕದ್ದು ದಾನವಲ್ಲ, ಅವರ ಹಕ್ಕು. ಈ ಆಕ್ಷೇಪದಲ್ಲಿ ಉಳಿಯುವ ಸತ್ಯ ಇಷ್ಟು.

ಮೂರನೆಯ ಪೂರ್ವಪಕ್ಷ: ಇದ್ದಂತೆಯೇ ಕಟ್ಟಬೇಕಿತ್ತು

ಆಕ್ಷೇಪ. ವೆನಿಸಿನ ಸಂತ ಮಾರ್ಕನ ಚೌಕದ ಗಂಟೆಗೋಪುರ 1902ರಲ್ಲಿ ಕುಸಿಯಿತು. ಊರಿನವರು ಎಲ್ಲಿತ್ತೋ ಅಲ್ಲೇ, ಹೇಗಿತ್ತೋ ಹಾಗೇ ಎಂದು ಪಟ್ಟು ಹಿಡಿದು 1912ರಲ್ಲಿ ಮತ್ತೆ ನಿಲ್ಲಿಸಿದರು. ನಾಶಕ್ಕೆ ಕೊಡಬೇಕಾದ ಉತ್ತರ ಅದು. ರೂಪ ಬದಲಿಸಿದರೆ ಕೆಡವಿದವನ ಮಾತಿಗೆ ತಲೆಬಾಗಿದಂತೆ.

ಉತ್ತರ. ವೆನಿಸಿನ ಗೋಪುರ ಊರಿನ ಮುಖ. ಶತಮಾನಗಳಿಂದ ಕಣ್ಣಿಗೆ ಅಂಟಿದ ರೂಪವೇ ಅದರ ಪ್ರಯೋಜನ. ಅಲ್ಲಿಯೂ ರೂಪವನ್ನಷ್ಟೇ ಉಳಿಸಿ ಒಳಗಿನ ರಚನೆಯನ್ನು ಗಟ್ಟಿಗೊಳಿಸಿದರು, ಹಳೆಯ ದೌರ್ಬಲ್ಯವನ್ನು ನಕಲು ಮಾಡಲಿಲ್ಲ. ಕಚೇರಿ ಕಟ್ಟಡಕ್ಕೆ ರೂಪ ಪ್ರಯೋಜನವಲ್ಲ, ಸಾಧನ. ಹದಿನಾಲ್ಕು ವರ್ಷ ನಿಂತು ಬೀದಿಯನ್ನು ಅಡ್ಡಗಟ್ಟಿದ್ದ ಗ್ರಾನೈಟ್ ಪೆಟ್ಟಿಗೆಯನ್ನು ಹಾಗೆಯೇ ಎತ್ತಿ ನಿಲ್ಲಿಸಿದ್ದರೆ ಅದರ ತಪ್ಪುಗಳನ್ನೂ ಪುನಃಪ್ರತಿಷ್ಠೆ ಮಾಡಿದಂತಾಗುತ್ತಿತ್ತು. ಆ ತಪ್ಪುಗಳೇನೆಂದು ತಿಳಿಯಲು ಕಟ್ಟಡ ಯಾಕೆ ಬಿತ್ತು ಎಂಬಲ್ಲಿಗೆ ಹೋಗಬೇಕು. ನಾಲ್ಕನೆಯ ಆಕ್ಷೇಪ ಹುಟ್ಟುವುದೂ ಅಲ್ಲೇ.

ನಾಲ್ಕನೆಯ ಪೂರ್ವಪಕ್ಷ: ಅದು ಬಿದ್ದದ್ದಲ್ಲ, ಕೆಡವಿದ್ದು

ಆಕ್ಷೇಪ. ವಿಮಾನ ಬಡಿಯದ ಉಕ್ಕಿನ ಕಟ್ಟಡ ಬರೀ ಬೆಂಕಿಗೆ ಬೀಳುವುದುಂಟೇ? ಅಂಥದು ಹಿಂದೆ ನಡೆದೇ ಇರಲಿಲ್ಲ. ಅದು ನೆಟ್ಟಗೆ ಕುಸಿಯಿತು. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಯಾವ ತಡೆಯೂ ಇಲ್ಲದ ವಸ್ತುವಿನ ವೇಗದಲ್ಲಿ ಇಳಿಯಿತೆಂದು ಸರ್ಕಾರದ ತನಿಖೆಯೇ ಒಪ್ಪಿದೆ. ಹಾಗಾದರೆ ಒಳಗೆ ಸ್ಫೋಟಕ ಇಟ್ಟಿದ್ದರು.

ಉತ್ತರ. ಈ ವಾದವನ್ನು ನಗೆಯಾಡಿ ತಳ್ಳಬಾರದು, ಸಂಗತಿಯಿಂದ ತಳ್ಳಬೇಕು. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ, ಅಂದರೆ ನಿಸ್ಟ್, ತನ್ನ ಅಂತಿಮ ವರದಿಯನ್ನು 2008ರ ನವೆಂಬರಿನಲ್ಲಿ ಹೊರತಂದಿತು. ಅದು ಕಟ್ಟಿಕೊಡುವ ಕಾರ್ಯಕಾರಣ ಸರಣಿ ಹೀಗಿದೆ.

ಬೆಳಿಗ್ಗೆ 10 ಗಂಟೆ 28 ನಿಮಿಷಕ್ಕೆ ಉತ್ತರ ಗೋಪುರ ಕುಸಿದಾಗ ಅದರ ಅವಶೇಷ ಬಡಿದು ಏಳನೆಯ ಕಟ್ಟಡದ ಹಲವು ಮಹಡಿಗಳಲ್ಲಿ ಬೆಂಕಿ ಹೊತ್ತಿತು. ನಗರದ ನೀರಿನ ಮುಖ್ಯ ಕೊಳವೆ ಒಡೆದಿತ್ತು. ಕೆಳಗಿನ ಮಹಡಿಗಳ ಸ್ಪ್ರಿಂಕ್ಲರುಗಳು ಆ ಕೊಳವೆಯನ್ನೇ ನೆಚ್ಚಿದ್ದರಿಂದ ಅವುಗಳಲ್ಲಿ ನೀರಿಲ್ಲ. ಕಾಗದ, ಮೇಜು, ಕುರ್ಚಿಗಳ ಸಾಮಾನ್ಯ ಕಚೇರಿ ಬೆಂಕಿ ಸುಮಾರು ಏಳು ಗಂಟೆ ಮಹಡಿಗಳಲ್ಲಿ ಅಲೆದಾಡಿತು. ಕಾವಿಗೆ 13ನೆಯ ಮಹಡಿಯನ್ನು ಹೊತ್ತ ಉದ್ದನೆಯ ಉಕ್ಕಿನ ತೊಲೆಗಳು ಹಿಗ್ಗಿದವು. ಉಕ್ಕು ಮೆತ್ತಗಾಗುವಷ್ಟು ಕಾವು ಬೇಕಾಗಲಿಲ್ಲ, ಹಿಗ್ಗಿದ್ದೇ ಸಾಕಾಯಿತು. ತೊಲೆಗಳು ತಾವು ಸೇರುವ ಗರ್ಡರನ್ನು ಪಕ್ಕಕ್ಕೆ ತಳ್ಳಿದವು. 79ನೆಯ ನಂಬರಿನ ಕಂಬದ ಮೇಲೆ ಕುಳಿತಿದ್ದ ಗರ್ಡರು ತನ್ನ ಪೀಠದಿಂದ ಜಾರಿತು. ಆ ಮಹಡಿ ಕೆಳಗಿನದರ ಮೇಲೆ ಬಿತ್ತು, ಅದು ಮುಂದಿನದರ ಮೇಲೆ, ಹೀಗೆ 5ನೆಯ ಮಹಡಿಯವರೆಗೆ. ಅಕ್ಕಪಕ್ಕದ ಹಿಡಿತ ತಪ್ಪಿದ ಕಂಬ ಒಂಬತ್ತು ಅಂತಸ್ತಿನ ಉದ್ದಕ್ಕೆ ಒಂಟಿಯಾಗಿ ನಿಂತು ಬಾಗಿತು. ಅದು ಹೋದ ಮೇಲೆ ಒಳಗಿನ ಕಂಬಗಳು ಪೂರ್ವದಿಂದ ಪಶ್ಚಿಮಕ್ಕೆ ಸಾಲಾಗಿ ಹೋದವು. ಕೊನೆಗೆ ಇಳಿದದ್ದು ಹೊರಗಿನ ಕವಚ. ಒಳಗೆ ತಡೆಯಲು ಏನೂ ಉಳಿಯದೆ, ಹೊರಗಿನ ಕಂಬಗಳೂ ಎಂಟು ಅಂತಸ್ತಿನಷ್ಟು ಬಾಗಿದಾಗ, ಆ ಸುಮಾರು ಎರಡೂಕಾಲು ಸೆಕೆಂಡಿನ ತಡೆಯಿಲ್ಲದ ಇಳಿತಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಸ್ಫೋಟಕದ ಸಾಧ್ಯತೆಯನ್ನೂ ನಿಸ್ಟ್ ಪರೀಕ್ಷಿಸಿತು. ಆ ಕಂಬವನ್ನು ಕತ್ತರಿಸಬಲ್ಲ ಅತಿ ಚಿಕ್ಕ ಸ್ಫೋಟ ಕೂಡ ಅರ್ಧ ಮೈಲಿ ದೂರಕ್ಕೆ 130ರಿಂದ 140 ಡೆಸಿಬೆಲ್ ಸದ್ದು ಮಾಡಬೇಕಿತ್ತು. ಅಂಥ ಸದ್ದು ಯಾವ ಧ್ವನಿಮುದ್ರಣದಲ್ಲೂ ಇಲ್ಲ. ಹಿಂದೆ ನಡೆದಿರಲಿಲ್ಲ ಎಂಬ ಮಾತು ನಿಜ. ಮುಖ್ಯವಾಗಿ ಬೆಂಕಿಯಿಂದಲೇ ಎತ್ತರದ ಕಟ್ಟಡವೊಂದು ಪೂರ್ತಿ ಕುಸಿದ ಮೊದಲ ನಿದರ್ಶನ ಇದು ಎಂದು ನಿಸ್ಟ್ ಕೂಡ ಹೇಳಿದೆ. ಮೊದಲ ಸಲ ನಡೆದದ್ದು ಎಂಬುದು ನಡೆಯಲಿಲ್ಲ ಎನ್ನುವುದಕ್ಕೆ ಹೇತುವಾಗದು.

ಈ ಸರಣಿಯಿಂದ ಹೊರಡುವ ಪಾಠ ನಮ್ಮ ಮೀಮಾಂಸೆಯ ನಡುಗಂಬ. ಕಟ್ಟಡವನ್ನು ಬೀಳಿಸಿದ್ದು ದೂರದಿಂದ ಬಂದ ಶತ್ರು ಮಾತ್ರವಲ್ಲ. ನೀರಿಲ್ಲದ ಸ್ಪ್ರಿಂಕ್ಲರು, ಹಿಗ್ಗುವ ತೊಲೆ, ಜಾರುವ ಜೋಡಣೆ ಎಂಬ ಮನೆಯೊಳಗಿನ ಕಾರಣಗಳೂ ಸೇರಿದ್ದವು. ನೀರಿದ್ದು ಸ್ಪ್ರಿಂಕ್ಲರು ನಡೆದಿದ್ದರೆ ಕಟ್ಟಡ ಉಳಿಯುವ ಸಂಭವವಿತ್ತು ಎನ್ನುತ್ತದೆ ಅದೇ ವರದಿ. ಹಾಗಾಗಿ ಇದ್ದಂತೆಯೇ ಕಟ್ಟಿ ಎನ್ನುವ ಮೂರನೆಯ ಪಕ್ಷ ಇಲ್ಲಿಗೆ ಪೂರ್ತಿ ಬೀಳುತ್ತದೆ.

ಐದನೆಯ ಪೂರ್ವಪಕ್ಷ: ಕಾರಣ ತಿಳಿಯುವ ಮೊದಲೇ ಕಟ್ಟಿದರು

ಎಲ್ಲಕ್ಕಿಂತ ಬಲವಾದ ಆಕ್ಷೇಪ ಇದು. ಹೊಸ ಕಟ್ಟಡ ತೆರೆದದ್ದು 2006ರಲ್ಲಿ, ಹಳೆಯದು ಯಾಕೆ ಬಿತ್ತೆಂಬ ವರದಿ ಬಂದದ್ದು 2008ರಲ್ಲಿ. 2002ರ ಮೊದಲ ಸರ್ಕಾರಿ ಅಧ್ಯಯನ ಜನರೇಟರುಗಳ ಡೀಸೆಲ್ ಬೆಂಕಿಯ ಕಡೆ ಬೆರಳು ತೋರಿ, ಆ ಊಹೆ ನಿಜವಾಗಿರುವ ಸಂಭವ ಕಡಿಮೆ ಎಂದು ತಾನೇ ಹೇಳಿಕೊಂಡಿತ್ತು. ಮುಂದೆ ನಿಸ್ಟ್ ಡೀಸೆಲ್ಲಿನ ಪಾತ್ರವನ್ನು ತಳ್ಳಿಹಾಕಿತು. ರೋಗ ಗೊತ್ತಾಗುವ ಮೊದಲೇ ಔಷಧಿ ಕೊಟ್ಟವನು ಒಳಗಿನವರ ಋಣ ತೀರಿಸಿದ ಎನ್ನಲು ಹೇಗೆ ಸಾಧ್ಯ?

ಉತ್ತರ. ಕಾಲಕ್ರಮದ ದೋಷ ನಿಜ. ತನಿಖೆ ಬೇಗ ಮುಗಿದು ಕಟ್ಟಡ ತಡವಾಗಿ ಎದ್ದಿದ್ದರೆ ಕ್ರಮ ಸರಿಯಿರುತ್ತಿತ್ತು. ಆದರೆ ವಿನ್ಯಾಸಕಾರರು ಕೈಕಟ್ಟಿ ಕುಳಿತಿರಲಿಲ್ಲ. ನಿರ್ದಿಷ್ಟ ಕಾರಣ ಗೊತ್ತಿಲ್ಲದಾಗ ಮಾಡಬಹುದಾದದ್ದು ಒಂದೇ: ಯಾವ ಕಾರಣಕ್ಕೇ ಆಪತ್ತು ಬರಲಿ, ಜನ ಕೆಳಗಿಳಿದು ಬರುವ ದಾರಿ ಮುಚ್ಚದಂತೆ ನೋಡಿಕೊಳ್ಳುವುದು.

ಅದನ್ನು ಅವರು ಹೇಗೆ ಮಾಡಿದರು ಎಂಬುದಕ್ಕೆ ಮೆಟ್ಟಿಲಿನ ಬಳಿ ಹೋಗಬೇಕು. ಹಳೆಯ ಕಟ್ಟಡದಲ್ಲಿ ಮೆಟ್ಟಿಲು ಮತ್ತು ಲಿಫ್ಟಿನ ಬಾವಿಗಳಿಗೆ ಜಿಪ್ಸಂ ಹಲಗೆಯ ಗೋಡೆಯಷ್ಟೇ ಇತ್ತು. ಹೊಸದರಲ್ಲಿ ಅವುಗಳ ಸುತ್ತ ಎರಡಡಿ ದಪ್ಪದ ಕಬ್ಬಿಣ-ಕಾಂಕ್ರೀಟಿನ ಗೋಡೆಯಿದೆ. ಮೆಟ್ಟಿಲುಗಳು ಹಿಂದಿನದಕ್ಕಿಂತ ಅಗಲ. ಇಳಿಯುವವರು ಒಂದು ಪಕ್ಕ, ಪೈಪು ಹೊತ್ತು ಏರುವ ಅಗ್ನಿಶಾಮಕ ಸಿಬ್ಬಂದಿ ಇನ್ನೊಂದು ಪಕ್ಕ ಹಾಯಬೇಕಾದ ಹೊತ್ತಿನಲ್ಲಿ ಆ ಅಗಲವೇ ಪ್ರಾಣ. ಹೊಗೆ ನುಗ್ಗದಂತೆ ಮೆಟ್ಟಿಲಿನ ಬಾವಿಯೊಳಗೆ ಗಾಳಿಯ ಒತ್ತಡ ಹೆಚ್ಚಿಸುವ ಏರ್ಪಾಡಿದೆ. ಕೆಳಗೆ ಪ್ರವೇಶಾಂಗಣದಲ್ಲಿ ಕಲಾವಿದೆ ಜೆನ್ನಿ ಹೋಲ್ಜರ್ ಅವರ 65 ಅಡಿ ಅಗಲದ ಗೋಡೆಯಿದೆ. ನ್ಯೂಯಾರ್ಕ್ ಕುರಿತ ಬರಹಗಳು ಬೆಳಕಿನ ಅಕ್ಷರಗಳಾಗಿ ಅದರ ಮೇಲೆ ಸಾಗುತ್ತವೆ. ನೋಡುವವರಿಗೆ ಅದು ಕಲೆ. ಸುರಕ್ಷತೆಗೆಂದು ಆ ಗೋಡೆಯನ್ನೂ ಗಟ್ಟಿಮಾಡಿದ್ದಾರೆ ಎಂಬುದು ನೋಟಕ್ಕೆ ಸಿಗದ ಸಂಗತಿ.

ಇನ್ನೊಂದು ಮಾತು. ಋಣ ತೀರಿಸುವ ಹೊಣೆ ಒಂದೇ ಕಟ್ಟಡದ ಮೇಲೆ ನಿಲ್ಲುವುದಿಲ್ಲ. ಅವಳಿ ಗೋಪುರಗಳ ತನಿಖೆಯ ಶಿಫಾರಸುಗಳು 2009ರ ಅಂತರರಾಷ್ಟ್ರೀಯ ಕಟ್ಟಡ ಸಂಹಿತೆಗೆ ಸೇರಿದವು. 420 ಅಡಿ ಮೀರಿದ ಕಚೇರಿ ಕಟ್ಟಡಕ್ಕೆ ಇನ್ನೊಂದು ಮೆಟ್ಟಿಲು, ಕತ್ತಲಲ್ಲಿ ಹೊಳೆಯುವ ದಾರಿಗುರುತು, ಉಕ್ಕಿಗೆ ಬಳಿಯುವ ಅಗ್ನಿರಕ್ಷಕ ಲೇಪಕ್ಕೆ ಹೆಚ್ಚಿನ ಅಂಟು, ಇವೆಲ್ಲ ನಿಯಮವಾದವು. ಒಂದು ನಿವೇಶನದಲ್ಲಿ ಕಲಿತದ್ದು ಎಲ್ಲ ನಿವೇಶನಗಳ ಕಾನೂನಾದಾಗಲೇ ಮೂರನೆಯ ಋಣ ನಿಜವಾಗಿ ತೀರುವುದು. ಕಟ್ಟಡದ ಮೇಲಿನ ಆಕ್ಷೇಪ ಇಷ್ಟಕ್ಕೆ ನಿಲ್ಲುತ್ತದೆ, ಕುಸಿತದ ಏಳು ವರ್ಷದ ನಂತರ ಮುಗಿದ ತನಿಖೆಯ ಮೇಲಿನದು ಉಳಿಯುತ್ತದೆ.

ಸಿದ್ಧಾಂತ

ಈಗ ತೀರ್ಮಾನ. 7 ವರ್ಲ್ಡ್ ಟ್ರೇಡ್ ಸೆಂಟರನ್ನು ಬಿದ್ದಲ್ಲೇ ಮತ್ತೆ ಕಟ್ಟಿದ್ದು ಯುಕ್ತ. ಸತ್ತವರ ಋಣವನ್ನು ಎದುರಿನ ಎರಡು ಕೊಳಗಳು ಹೊತ್ತಿವೆ. ಊರಿನ ಋಣವನ್ನು ಬೀದಿ, ವಿದ್ಯುತ್ತು, ಉದ್ಯಾನದ ರೂಪದಲ್ಲಿ ಕಟ್ಟಡವೇ ತೀರಿಸಿದೆ. ಒಳಗಿನವರ ಋಣವನ್ನು ತನ್ನ ಕಾಲಕ್ಕೆ ತಿಳಿದಷ್ಟು ತೀರಿಸಿದೆ, ಉಳಿದದ್ದನ್ನು ಸಂಹಿತೆ ಹೊತ್ತಿದೆ.

ಈ ನಿರ್ಣಯ ಎಲ್ಲ ನಿವೇಶನಕ್ಕೂ ಸಲ್ಲುವುದಿಲ್ಲ. ಜನ ಸತ್ತ ನೆಲದಲ್ಲಿ, ನೆನೆಯಲು ಬೇರೆ ತಾಣವಿಲ್ಲದಿದ್ದರೆ, ಅಲ್ಲಿಯೇ ಜಾಗ ಬಿಡದೆ ಕಟ್ಟಬಾರದು. ಎತ್ತರವನ್ನು ಉತ್ತರವೆಂದು ತಿಳಿಯುವುದೂ ತಪ್ಪು. 2014ರಲ್ಲಿ ತೆರೆದ ಪಕ್ಕದ ಒನ್ ವರ್ಲ್ಡ್ ಟ್ರೇಡ್ ಸೆಂಟರು ಅಮೆರಿಕದ ಸ್ವಾತಂತ್ರ್ಯದ ವರ್ಷವನ್ನು ನೆನಪಿಸಲೆಂದು 1,776 ಅಡಿ ಏರಿದೆ. ಸಂಕೇತವಾಗಿ ಅದು ಇರಲಿ, ಆದರೆ ಮೂರು ಋಣಗಳಲ್ಲಿ ಒಂದೂ ಅಡಿಲೆಕ್ಕದಲ್ಲಿ ತೀರುವುದಿಲ್ಲ.

ಪ್ರಯೋಜನ

ನ್ಯೂಯಾರ್ಕಿನ ಕಟ್ಟಡದಿಂದ ನಮಗೇನು ಎನ್ನುವವರಿಗೆ ಒಂದು ಮಾತು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಕಾಣಿಸಿಕೊಂಡಾಗ ಒಂಬತ್ತು ಮಂದಿ ಸತ್ತರು. ಹೊಗೆ ತಾಳಲಾರದೆ ಕೆಲವರು ಕಿಟಕಿಯಿಂದ ಹಾರಿದರು. ಅಲ್ಲಿಗೆ ವಿಮಾನವೂ ಬಂದಿರಲಿಲ್ಲ, ಭಯೋತ್ಪಾದಕರೂ ಬಂದಿರಲಿಲ್ಲ. ಇಂದು ಲಕ್ಷಾಂತರ ಕನ್ನಡಿಗರು ಬೆಂಗಳೂರಿನಲ್ಲೂ ಹೊರನಾಡಿನಲ್ಲೂ ಗಾಜಿನ ಗೋಪುರಗಳಲ್ಲಿ ಕೆಲಸ ಮಾಡುತ್ತಾರೆ. ನೀವು ಅವರಲ್ಲಿ ಒಬ್ಬರಾದರೆ ನಾಳೆ ಒಂದು ಸಲ ಲಿಫ್ಟು ಬಿಟ್ಟು ಮೆಟ್ಟಿಲಲ್ಲಿ ಇಳಿಯಿರಿ. ಬಾಗಿಲಿಗೆ ಬೀಗ ಬಿದ್ದಿದೆಯೇ, ದಾರಿಯಲ್ಲಿ ರಟ್ಟಿನ ಪೆಟ್ಟಿಗೆಗಳಿವೆಯೇ, ಸ್ಪ್ರಿಂಕ್ಲರಿನ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿ ತಿಳಿಯಿರಿ. ಉತ್ತರ ಸಿಗದಿದ್ದರೆ ಬರವಣಿಗೆಯಲ್ಲಿ ಕೇಳಿ.